ಕಾರ್ ಶೆಡ್ಡಿನೊಳಗೆ ಹೊಗೆ ಕೊಳವೆ ಇಲ್ಲದ ಗ್ಯಾಸ್ ಹೀಟರ್ ಹಾಕಬಹುದಾ?

ನೀವು ಕೇಳಿರೋದು ಇಷ್ಟು. ತೀರ್ಥಹಳ್ಳಿ ಹತ್ತಿರ ಮನೆ, ಮನೆಗೆ ಅಂಟಿಕೊಂಡೇ 12 ಅಡಿ ಅಗಲ, 20 ಅಡಿ ಉದ್ದ, 10 ಅಡಿ ಎತ್ತರದ ಕಾರ್ ಶೆಡ್ಡು, ಮೇಲೆ ತಗಡಿನ ಶೀಟು, ಮುಂದೆ ಶಟರ್. ಒಳಗೆ ಬೈಕು, ವೀಡ್ ಕಟ್ಟರ್, ಅದರ ಪೆಟ್ರೋಲ್ ಕ್ಯಾನು, ಜೊತೆಗೆ ನಿಮ್ಮ ಮರಗೆಲಸದ ಮೇಜು. ಮಳೆಗಾಲದಲ್ಲಿ ಥಂಡಿ, ಅಂಟು ಒಣಗಲ್ಲ, ಪಾಲಿಶ್ ಸರಿಯಾಗಿ ಕೂರಲ್ಲ. ಅಮೆರಿಕದಲ್ಲಿರೋ ನಿಮ್ಮ ತಮ್ಮ ಅಲ್ಲಿನ ಗ್ಯಾರೇಜಿಗೆ ಹಾಕಿರೋ ಥರದ್ದೇ ಗಂಟೆಗೆ 14,000 ಬಿಟಿಯು (ಬಿಟಿಯು ಅಂದ್ರೆ ಬಿಸಿಯ ಅಳತೆ) ಹೀಟರ್ ಕಳಿಸಿದ್ದಾರೆ. ಅದನ್ನು ಗೋಡೆಗೆ ಸುರಕ್ಷಿತವಾಗಿ ಹಾಕೋದು ಹೇಗೆ ಅಂತ.

ನಾನು ಶಿವಮೊಗ್ಗದಲ್ಲಿ ಮನೆ, ಹೋಟೆಲುಗಳಿಗೆ ಗ್ಯಾಸ್ ಲೈನ್ ಹಾಕೋ ಕೆಲಸ ಮಾಡುವವನು. ಮೊದಲೇ ನೇರವಾಗಿ ಹೇಳ್ತೀನಿ: ಶೆಡ್ಡು ಈಗ ಇರೋ ಸ್ಥಿತಿಯಲ್ಲಿ ಹಾಕಬೇಡಿ. ಪೆಟ್ರೋಲು, ಥಿನ್ನರು, ಬೈಕು ಎಲ್ಲ ಆಚೆ ಹೋದರೆ ಹಾಕೋಕೆ ದಾರಿ ಇದೆ, ಅದನ್ನೂ ಕೆಳಗೆ ಬರೆದಿದ್ದೀನಿ. ಆದರೆ ನಿಮ್ಮ ತೊಂದರೆ ಇರೋದು ಚಳಿಯಲ್ಲಿ ಅಲ್ಲ, ತೇವದಲ್ಲಿ. ಈ ಹೀಟರ್ ತೇವವನ್ನು ಜಾಸ್ತಿ ಮಾಡುತ್ತದೆ. ಅದನ್ನು ಯಾರೂ ಹೇಳೋದಿಲ್ಲ, ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ಎಲ್‌ಪಿಜಿ ಉರಿದಾಗ ಬರೋದು ಬರೀ ಬಿಸಿ ಅಲ್ಲ. ಒಂದು ಕೆಜಿ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕೆಜಿ ನೀರಿನ ಆವಿ, ಮೂರು ಕೆಜಿ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಕೊಳವೆ ಇರೋ ಹೀಟರ್ ಆದ್ರೆ ಇದೆಲ್ಲ ಆಚೆ ಹೋಗುತ್ತದೆ. ನಿಮ್ಮದು ಕೊಳವೆ ಇಲ್ಲದ್ದು, ಎಲ್ಲವನ್ನೂ ಕೋಣೆಯೊಳಗೇ ಬಿಡುತ್ತದೆ. ನಿಮ್ಮ ಹೀಟರ್ ಪೂರ್ತಿ ಉರಿಯಲ್ಲಿ ಗಂಟೆಗೆ 300 ಗ್ರಾಂ ಹತ್ತಿರ ಗ್ಯಾಸ್ ತಿನ್ನುತ್ತದೆ, ಅಂದ್ರೆ ಗಂಟೆಗೆ ಅರ್ಧ ಲೀಟರ್ ಹತ್ತಿರ ನೀರು. ಜುಲೈ ತಿಂಗಳಲ್ಲಿ ನಿಮ್ಮ ಶೆಡ್ಡಿನ ಅಷ್ಟೂ ಗಾಳಿಯಲ್ಲಿ ಇರೋ ನೀರೇ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ಇರುತ್ತದೆ ಅಷ್ಟೆ. ಬಾಗಿಲು ಹಾಕಿಕೊಂಡು ಎರಡೂವರೆ ಗಂಟೆ ಉರಿಸಿದರೆ ಅದರ ದುಪ್ಪಟ್ಟು ಆಗುತ್ತದೆ. ಉರಿಯುವಷ್ಟು ಹೊತ್ತು ಬೆಚ್ಚಗಿದೆ, ಒಣಗಿದೆ ಅಂತ ಅನಿಸುತ್ತದೆ. ಆಫ್ ಮಾಡಿ ಊಟಕ್ಕೆ ಹೋಗಿ ಬನ್ನಿ, ತಗಡಿನ ಒಳಮೈಯಲ್ಲಿ ನೀರು ಸಾಲುಗಟ್ಟಿ ನಿಂತಿರುತ್ತದೆ, ಶೀಟಿನ ಬೋಲ್ಟಿನ ತುದಿಯಿಂದ ಒಂದೊಂದೇ ಹನಿ ಮೇಜಿನ ಮೇಲೆ ಬೀಳುತ್ತಿರುತ್ತದೆ. ಉಳಿ, ಗರಗಸದ ಮೇಲೆ ಬೆಳಿಗ್ಗೆ ಹೊತ್ತಿಗೆ ತುಕ್ಕಿನ ಚುಕ್ಕೆ. ಪಾಲಿಶ್ ಅಂತೂ ಬೆಳ್ಳಗೆ ಮಂಜು ಕವಿದ ಹಾಗೆ ಆಗುತ್ತದೆ, ಅದು ಗಾಳಿಯ ತೇವ ಪಾಲಿಶ್ ಮೇಲೆ ಕೂತು ಆಗೋದು. ಆಗುಂಬೆ ಸೀಮೆ ಮಳೆಗೆ ಇನ್ನಷ್ಟು ತೇವ ಸೇರಿಸಿ ಮರ ಒಣಗಿಸೋಕೆ ಆಗಲ್ಲ ಸರ್.

ಈಗ ಉಸಿರಿನ ವಿಷಯ.

ಬರ್ನರ್ ಹೊಸದಾಗಿ, ಸ್ವಚ್ಛವಾಗಿ, ನೀಲಿ ಉರಿಯಲ್ಲಿ ಇದ್ದರೂ ಆಮ್ಲಜನಕ ತಿನ್ನುತ್ತದೆ. ಗಾಳಿ ಒಂಚೂರೂ ಆಡದ ಹಾಗೆ ನಿಮ್ಮ ಶೆಡ್ಡನ್ನು ಮುಚ್ಚಿದರೆ, 21 ಪರ್ಸೆಂಟ್ ಇರೋ ಆಮ್ಲಜನಕ 18ಕ್ಕೆ ಇಳಿಯೋಕೆ ಸುಮಾರು ಎರಡೂವರೆ ಗಂಟೆ ಸಾಕು. ಇಂಗಾಲದ ಡೈಆಕ್ಸೈಡ್ ಗಂಟೆಗೆ ಮುಕ್ಕಾಲು ಪರ್ಸೆಂಟಿನ ಹಾಗೆ ಏರುತ್ತದೆ. ದಿನಕ್ಕೆ 8 ಗಂಟೆ ಕೆಲಸ ಮಾಡೋ ಜಾಗಕ್ಕೆ ಇಟ್ಟುಕೊಂಡಿರೋ ಮಿತಿಯೇ ಅರ್ಧ ಪರ್ಸೆಂಟ್. ನಿಜವಾದ ಶೆಡ್ಡಿನಲ್ಲಿ ಶಟರ್ ಸಂದಿಯಿಂದ ಗಾಳಿ ಬರುತ್ತದೆ, ಒಪ್ತೀನಿ. ಆದರೆ ಮಳೆ ಎರಚಲು ಹೊಡೀತದೆ ಅಂತ ಆ ಸಂದಿಗೆ ಗೋಣಿಚೀಲ ತುರುಕೋದು ನಾವೇ ಅಲ್ವಾ.

ಆಮ್ಲಜನಕ ಕಡಿಮೆ ಆದಾಗ, ಇಲ್ಲಾ ಬರ್ನರಿನಲ್ಲಿ ಧೂಳು ತುಂಬಿದಾಗ, ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮೂ ಬರಲ್ಲ. ರಕ್ತದಲ್ಲಿ ಆಮ್ಲಜನಕ ಹಿಡಿದುಕೊಳ್ಳೋ ಜಾಗವನ್ನು ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬಚ್ಚಲೊಳಗೆ ಗ್ಯಾಸ್ ಗೀಸರ್ ಹಾಕಿ, ಕಿಟಕಿ ಮುಚ್ಚಿ ಸ್ನಾನಕ್ಕೆ ಹೋದವರು ಸತ್ತ ಸುದ್ದಿ ನಮ್ಮ ರಾಜ್ಯದಲ್ಲೇ ಮತ್ತೆ ಮತ್ತೆ ಬರುತ್ತದಲ್ಲ, ಅದು ಇದೇ. ಬಾಗಿಲು ಹಾಕಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಿದವರಿಗೆ ಆಗೋದೂ ಇದೇ. ತಲೆನೋವು, ತಲೆ ಸುತ್ತು, ಹೊಟ್ಟೆ ತೊಳೆಸೋದು, ಆಚೆ ಬಂದರೆ ಕಡಿಮೆ ಆಗೋದು. ಹೀಗೆ ಆದರೆ ಕಾಫಿ ಕುಡಿದು ಸುಧಾರಿಸಿಕೊಳ್ಳೋಕೆ ಹೋಗಬೇಡಿ. ಎಲ್ಲರೂ ತಕ್ಷಣ ಆಚೆ ಬನ್ನಿ, 108ಕ್ಕೆ ಫೋನ್ ಮಾಡಿ.

ನಿಮ್ಮ ಹೀಟರಿನಲ್ಲಿ ಆಮ್ಲಜನಕ ಕಡಿಮೆ ಆದರೆ ತಾನೇ ಆರುವ ಸೆನ್ಸರ್ ಇದೆ ಅಂತ ಬರೆದಿದ್ದೀರಿ. ಒಳ್ಳೆಯದೇ, ಅದು ಇಲ್ಲದ ಹೀಟರ್ ಮುಟ್ಟಲೇಬಾರದು. ಅದು ಕೆಲಸ ಮಾಡೋದು ಹೀಗೆ: ಒಂದು ಸಣ್ಣ ಪೈಲಟ್ ಉರಿ ಒಂದು ಲೋಹದ ಕಡ್ಡಿಯನ್ನು ಕಾಯಿಸುತ್ತಾ ಇರುತ್ತದೆ, ಆಮ್ಲಜನಕ 18 ಪರ್ಸೆಂಟ್ ಹತ್ತಿರ ಇಳಿದಾಗ ಆ ಉರಿ ಜಾಗ ಬಿಟ್ಟು ಎದ್ದು ಹೋಗುತ್ತದೆ, ಕಡ್ಡಿ ತಣ್ಣಗಾಗಿ ಗ್ಯಾಸ್ ನಿಲ್ಲುತ್ತದೆ. ಅಂದ್ರೆ ಅದು ಅಳೆಯೋದು ಆಮ್ಲಜನಕವನ್ನು. ಕಾರ್ಬನ್ ಮಾನಾಕ್ಸೈಡ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗಲ್ಲ. ಮರಗೆಲಸದ ಶೆಡ್ಡಿನಲ್ಲಿ ಹಿಟ್ಟಿನಂಥ ಹೊಟ್ಟು ಹಾರುತ್ತಾ ಇರುತ್ತದೆ, ಅದು ಬರ್ನರಿನ ಗಾಳಿ ತೂತಿಗೆ ಹೋಗಿ ಕೂತರೆ ಗಾಳಿ ತುಂಬಿದ್ದರೂ ಉರಿ ಕೆಡುತ್ತದೆ. ಹಳದಿ ಉರಿ, ಹೀಟರ್ ಮೇಲಿನ ಗೋಡೆಯಲ್ಲಿ ಮಸಿ, ಇವು ಕಂಡರೆ ಅದೇ ಕ್ಷಣ ಆರಿಸಿ. ಮಸಿ ಕಾಣಲಿಲ್ಲ ಅಂದ ಮಾತ್ರಕ್ಕೆ ಸರಿ ಇದೆ ಅಂತಲೂ ಅಲ್ಲ. ಅದಕ್ಕೇ ಬೇರೆಯಾಗಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇಕೇ ಬೇಕು ಅನ್ನೋದು.

ಪೆಟ್ರೋಲ್ ಇರೋ ಜಾಗದಲ್ಲಿ ಯಾಕೆ ಬೇಡ ಅಂದ್ರೆ, ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹೋಗದೆ ನೆಲದ ಮೇಲೆ ಹರಡುತ್ತದೆ. ಬೈಕಿನ ಕಾರ್ಬ್ಯುರೇಟರ್ ಸ್ವಲ್ಪ ಜಿನುಗಿದರೂ ಸಾಕು, ವೀಡ್ ಕಟ್ಟರಿಗೆ ಪೆಟ್ರೋಲ್ ಹಾಕುವಾಗ ಚೆಲ್ಲಿದರೂ ಸಾಕು. ಅಮೆರಿಕದ ಗ್ಯಾಸ್ ನಿಯಮದಲ್ಲಿ ಗ್ಯಾರೇಜಿನಲ್ಲಿ ಉರಿ, ಕಿಡಿ ಬರೋ ಭಾಗ ನೆಲದಿಂದ ಕನಿಷ್ಠ 18 ಇಂಚು ಮೇಲಿರಬೇಕು ಅಂತ ಇಟ್ಟಿರೋದು ಇದಕ್ಕೇ. ಅದು ಕನಿಷ್ಠ ಅಷ್ಟೆ, ಅದೊಂದೇ ಕಾಪಾಡಲ್ಲ. ಥಿನ್ನರ್ ಡಬ್ಬ ಇರೋದು ಮೇಜಿನ ಮೇಲೆ, ಆವಿ ಏಳೋದು ಅಲ್ಲಿಂದಲೇ. ಥಿನ್ನರ್, ಸ್ಪಿರಿಟ್ ಪಾಲಿಶ್ ಇರೋ ಕೋಣೆಯಲ್ಲಿ ತೆರೆದ ಉರಿ ಯಾವ ಎತ್ತರದಲ್ಲೂ ಬೇಡ. ಅಮೆರಿಕದಲ್ಲೂ ಎಲ್ಲ ಕಡೆ ಇಂಥ ಹೀಟರಿಗೆ ಒಪ್ಪಿಗೆ ಇಲ್ಲ ಅಂತ ನಿಮ್ಮ ತಮ್ಮನಿಗೂ ಹೇಳಿ, ಕ್ಯಾಲಿಫೋರ್ನಿಯಾದಲ್ಲಿ ಮನೆಗಳಿಗೆ ಕೊಳವೆ ಇಲ್ಲದ ಹೀಟರ್ ಹಾಕೋಕೆ ಬಿಡೋದೇ ಇಲ್ಲ.

ಸರಿ, ಬೈಕು, ವೀಡ್ ಕಟ್ಟರು, ಪೆಟ್ರೋಲು, ಥಿನ್ನರು ಎಲ್ಲ ಬೇರೆ ಕೊಟ್ಟಿಗೆಗೆ ಹೋದವು, ಪಾಲಿಶ್ ಕೆಲಸವೂ ಜಗಲಿಗೆ ಹೋಯಿತು, ಬರೀ ಮರ ಕೊಯ್ಯೋದು, ಜೋಡಿಸೋದು ಮಾತ್ರ ಇಲ್ಲಿ ಅಂತ ಇಟ್ಟುಕೊಳ್ಳೋಣ. ಆಗ ಮೊದಲ ಕೆಲಸ ಗೋಡೆ ಒಡೆಯೋದು. ನೆಲಕ್ಕೆ ಹತ್ತಿರ ಒಂದು, ಮಾಡಿನ ಹತ್ತಿರ ಒಂದು, ಎರಡೂ ನೇರವಾಗಿ ಬಯಲಿಗೆ ತೆರೆಯೋ ಹಾಗೆ, ಒಂದೊಂದು 9 ಇಂಚು ಚೌಕದ ಕಿಂಡಿ. ಲೆಕ್ಕದ ಕನಿಷ್ಠ ಇದಕ್ಕಿಂತ ಸಣ್ಣದು, ಆದರೆ ನಮ್ಮಲ್ಲಿ ಜೇಡ, ಕಣಜ ಸೇರಿಕೊಂಡು ಜಾಲರಿ ಕಟ್ಟಿಕೊಳ್ಳುತ್ತದೆ, ದೊಡ್ಡದೇ ಇರಲಿ. ಮುಚ್ಚಳ ಇರಬಾರದು, ಯಾರಾದರೂ ಮುಚ್ಚಿಯೇ ಮುಚ್ಚುತ್ತಾರೆ. ಮಳೆ ಹೊಡೆಯದ ಗೋಡೆ ನೋಡಿ ಮಾಡಿಸಿ, ಹೊರಗಡೆ ಸಣ್ಣ ಮಾಡು ಕೊಡಿ. ಕೆಳಗಿನ ಕಿಂಡಿ ಇನ್ನೊಂದಕ್ಕೂ ಬೇಕು, ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಸೋರಿದರೆ ಆಚೆ ಹೋಗೋಕೆ ಅದಕ್ಕೆ ನೆಲಮಟ್ಟದಲ್ಲೇ ದಾರಿ ಇರಬೇಕು. ಗಾಳಿಯಲ್ಲಿ ಬರೀ 2 ಪರ್ಸೆಂಟ್ ಸೇರಿದರೂ ಹತ್ತಿಕೊಳ್ಳುತ್ತದೆ. ಶೆಡ್ಡಿನ ನೆಲದಲ್ಲಿ ಗಾಡಿ ರಿಪೇರಿಯ ಗುಂಡಿ ಇದ್ದರೆ, ಗ್ಯಾಸ್ ಅಲ್ಲಿ ಹೋಗಿ ನಿಲ್ಲುತ್ತದೆ. ಗುಂಡಿ ಇರೋ ಶೆಡ್ಡಿಗೆ ನಾನಂತೂ ಲೈನ್ ಹಾಕಿಕೊಡಲ್ಲ.

ಸಿಲಿಂಡರ್ ಒಳಗೆ ಬೇಡ. ಹೊರಗೆ ಮಾಡಿನ ಕೆಳಗೆ, ನೆಟ್ಟಗೆ ನಿಲ್ಲಿಸಿ, ಚರಂಡಿಯಿಂದ ದೂರ. ಅಲ್ಲಿಂದ ಒಳಗೆ ತಾಮ್ರದ ಪೈಪು, ಗೋಡೆ ದಾಟೋ ಕಡೆ ಅದರ ಮೇಲೆ ಹೊದಿಕೆಯಾಗಿ ಒಂದು ತೋಳು ಪೈಪು, ಒಳಗೆ ಕೈಗೆ ಸಿಗೋ ಕಡೆ ಒಂದು ವಾಲ್ವು. ರಬ್ಬರ್ ಪೈಪ್ ಬೇಕಾದ ಕಡೆ ತಂತಿ ಹೆಣೆದ ಕಿತ್ತಳೆ ಬಣ್ಣದ ಸುರಕ್ಷಾ ಪೈಪೇ ಇರಲಿ, ಒಂದೂವರೆ ಮೀಟರಿಗಿಂತ ಉದ್ದ ಬೇಡ, 5 ವರ್ಷಕ್ಕೆ ಬದಲಿಸಿ. ಅಮೆರಿಕದ ರೆಗ್ಯುಲೇಟರ್ ನಮ್ಮ ಸಿಲಿಂಡರ್ ವಾಲ್ವಿಗೆ ಕೂರಲ್ಲ. ನಡುವೆ ಅಡಾಪ್ಟರ್ ಮಾಡಿಸಿ ಕೂರಿಸಿಕೊಡ್ತೀವಿ ಅನ್ನೋ ವರ್ಕ್‌ಶಾಪಿನವರ ಮಾತು ಕೇಳಬೇಡಿ. ಏಜೆನ್ಸಿಯ ರೆಗ್ಯುಲೇಟರೇ ಬೇಕು.

ಹೀಟರನ್ನು ಇಟ್ಟಿಗೆ ಗೋಡೆಗೇ ಹಾಕಿ, ಹಲಗೆ ಗೋಡೆಗೆ ಬೇಡ. ಕೆಳ ಅಂಚು 18 ಇಂಚಿಗಿಂತ ಮೇಲೆ, ಮುಂದೆ ಕನಿಷ್ಠ ಒಂದು ಮೀಟರ್ ಖಾಲಿ, ಪಕ್ಕಕ್ಕೆ, ಮೇಲಕ್ಕೆ ಎಷ್ಟು ಬಿಡಬೇಕು ಅನ್ನೋದು ಅದರ ಪುಸ್ತಕದಲ್ಲೇ ಇರುತ್ತದೆ, ಅದಕ್ಕಿಂತ ಒಂದಿಂಚೂ ಕಡಿಮೆ ಬೇಡ. ಗರಗಸ ಓಡುವಾಗ ಹೀಟರ್ ಆರಿರಬೇಕು. ಹೊಟ್ಟು ಗುಡಿಸಿದ ಮೇಲೆ, ಧೂಳು ಇಳಿದ ಮೇಲೆ ಹಚ್ಚಿ.

ಜೋಡಿಸಿದ ಮೇಲೆ ಸೋಪಿನ ನೀರು. ಇದನ್ನು ನಿಧಾನವಾಗಿ ಮಾಡಿ, ದಯವಿಟ್ಟು. ಪಾತ್ರೆ ತೊಳೆಯೋ ಲಿಕ್ವಿಡ್ ಗಟ್ಟಿಯಾಗಿ ಕಲಸಿ, ಹಳೇ ಪೇಂಟ್ ಬ್ರಷ್ಷಿನಲ್ಲಿ ಪ್ರತಿ ಜಾಯಿಂಟಿನ ಸುತ್ತ, ಹಿಂಭಾಗಕ್ಕೂ ಹಚ್ಚಿ, ಟಾರ್ಚ್ ಬಿಟ್ಟು ಒಂದು ನಿಮಿಷ ನೋಡುತ್ತಾ ಕೂರಬೇಕು. ದೊಡ್ಡ ಸೋರಿಕೆಗೆ ಬುಸ್ ಅಂತ ಗುಳ್ಳೆ ಬರುತ್ತದೆ, ಅದು ಯಾರಿಗಾದರೂ ಕಾಣುತ್ತದೆ. ಸಣ್ಣದು ಹಾಗಲ್ಲ. ನಟ್ಟಿನ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ನೊರೆ ಮೆಲ್ಲಗೆ ಸೇರುತ್ತಾ ಹೋಗುತ್ತದೆ. ಸಾಗರದ ಕಡೆ ಒಂದು ಮನೆಯಲ್ಲಿ ಮೂಗಿಗೆ ಏನೂ ವಾಸನೆ ಇಲ್ಲದಿದ್ದಾಗಲೂ ಇದೇ ಥರದ ನೊರೆ ಕಂಡು, ಬಿಚ್ಚಿ ನೋಡಿದರೆ ತಾಮ್ರದ ಪೈಪಿನ ಅಗಲಿಸಿದ ಬಾಯಿಯಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು. ಬೆಂಕಿಕಡ್ಡಿ ಗೀರಿ ನೋಡೋದು ಯಾವತ್ತೂ ಬೇಡ. ವಾಸನೆ ಬಂದರೆ ಸ್ವಿಚ್ ಹಾಕೋದೂ ಬೇಡ, ತೆಗೆಯೋದೂ ಬೇಡ, ಹೊರಗೆ ಹೋಗಿ ಸಿಲಿಂಡರ್ ಬಂದ್ ಮಾಡಿ 1906ಕ್ಕೆ ಫೋನ್ ಮಾಡಿ, ಅದು ಗ್ಯಾಸ್ ಸೋರಿಕೆಗೇ ಇರೋ ನಂಬರು.

ಅಲಾರಂ ಎರಡು. ಕಾರ್ಬನ್ ಮಾನಾಕ್ಸೈಡಿನದ್ದು ಉಸಿರಾಡೋ ಎತ್ತರದಲ್ಲಿ, ಹೀಟರಿನಿಂದ ಒಂದೆರಡು ಮೀಟರ್ ದೂರ. ಗ್ಯಾಸ್ ಸೋರಿಕೆಯದ್ದು ನೆಲದಿಂದ ಒಂದಡಿ ಒಳಗೆ. ಜಾಗ ಅದಲುಬದಲು ಮಾಡಿದರೆ ಪ್ರಯೋಜನ ಇಲ್ಲ. ಮಾನಾಕ್ಸೈಡಿನ ಅಲಾರಂ ಮನೆಯೊಳಗೂ ಒಂದು ಬೇಕು, ಯಾಕೆಂದ್ರೆ ನಿಮ್ಮ ಶೆಡ್ಡಿನಿಂದ ಒಳಗೆ ಹೋಗೋ ಬಾಗಿಲಿದೆ, ಆ ಬಾಗಿಲಿಗೆ ಸುತ್ತ ರಬ್ಬರ್ ಪಟ್ಟಿ ಹಾಕಿಸಿ. ಹೀಟರ್ ಹಚ್ಚಿಟ್ಟು ಅಲ್ಲಿ ಯಾರೂ ಮಲಗಬಾರದು, ಹಚ್ಚಿಟ್ಟು ಬಿಟ್ಟು ಹೋಗಲೂಬಾರದು.

ಇಷ್ಟು ಮಾಡಿದ ಮೇಲೂ ಆ ನೀರು ಬಂದೇ ಬರುತ್ತದೆ, ಕಿಂಡಿಯಿಂದ ಬಿಸಿ ಹೋಗೇ ಹೋಗುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ 1,500 ವ್ಯಾಟಿನ ಎಣ್ಣೆ ತುಂಬಿದ ಕರೆಂಟ್ ಹೀಟರ್ ತರ್ತಿದ್ದೆ. ಗಂಟೆಗೆ ಒಂದೂವರೆ ಯೂನಿಟ್. ಗಾಳಿಗೆ ಒಂದು ಹನಿ ನೀರೂ ಸೇರಲ್ಲ, ಹಾಗಾಗಿ 20 ಡಿಗ್ರಿ, 90 ಪರ್ಸೆಂಟ್ ತೇವ ಇರೋ ಗಾಳಿ 25 ಡಿಗ್ರಿಗೆ ಬಂದರೆ ತೇವ 70ರ ಒಳಗೆ ಇಳಿಯುತ್ತದೆ. ಅಂಟಿಗೆ ಅದು ಸಾಕು. ಕೆಂಪಗೆ ಕಾಯೋ ಕಡ್ಡಿಯ ಹೀಟರ್ ಬೇಡ, ಥಿನ್ನರಿನ ಆವಿಗೆ ಅದೂ ಬೆಂಕಿಯೇ. 16 ಆಂಪಿಯರ್ ಸಾಕೆಟ್ಟು, ಸರಿಯಾದ ಅರ್ಥಿಂಗು, ಶಾಕ್ ತಪ್ಪಿಸೋ ಬ್ರೇಕರ್ ಹಾಕಿಸಿ, ತೇವದ ನೆಲದ ಮೇಲೆ ನಿಂತು ಕೆಲಸ ಮಾಡೋರು ನೀವು. ಉಪಕರಣ ಇಡೋ ಬೀರುವಿನೊಳಗೆ ಹಳೇ ಥರದ 40 ವ್ಯಾಟ್ ಬಲ್ಬು ಒಂದನ್ನು, ಯಾವುದಕ್ಕೂ ತಾಗದ ಹಾಗೆ ಉರಿಸಿ, ನಮ್ಮೂರುಗಳಲ್ಲಿ ಬಟ್ಟೆ ಬೀರುವಿಗೆ ಮಾಡ್ತಾರಲ್ಲ ಹಾಗೆ, ತುಕ್ಕೂ ಹಿಡಿಯಲ್ಲ, ಬೂಷ್ಟೂ ಬರಲ್ಲ. ಕರೆಂಟ್ ಹೋದರೆ ಏನು ಅಂತ ಕೇಳ್ತೀರಿ, ಗೊತ್ತು. ಮಳೆಗಾಲದಲ್ಲಿ ಹೋಗುತ್ತದೆ, ಇನ್ವರ್ಟರಿನಲ್ಲಿ ಇಷ್ಟು ದೊಡ್ಡ ಹೀಟರ್ ಓಡಲ್ಲ. ಆ ಹೊತ್ತು ಸ್ವೆಟರ್ ಹಾಕಿಕೊಂಡು ಕೈ ಕೆಲಸ ಮಾಡಿ ಮಾರಾಯ್ರೇ, ಅಂಟು ಹಾಕೋದನ್ನು ಕರೆಂಟ್ ಬಂದ ಮೇಲೆ ಇಟ್ಟುಕೊಳ್ಳಿ.

ಏನೇ ತೀರ್ಮಾನ ಮಾಡಿದರೂ ಮೊದಲು ಹೀಟರಿನ ಹಿಂದೆ ಅಂಟಿಸಿರೋ ಲೋಹದ ತಗಡು ಓದಿ. ಅದರಲ್ಲಿ ಪ್ರೋಪೇನ್ ಅಂತ ಇದೆಯಾ, ನ್ಯಾಚುರಲ್ ಗ್ಯಾಸ್ ಅಂತ ಇದೆಯಾ ನೋಡಿ. ನ್ಯಾಚುರಲ್ ಗ್ಯಾಸಿನದ್ದಾದರೆ ಅದರಲ್ಲಿ ಗ್ಯಾಸ್ ಚಿಮ್ಮೋ ಜೆಟ್ಟಿನ ತೂತು ದೊಡ್ಡದು, ನಮ್ಮ ಸಿಲಿಂಡರಿಗೆ ಜೋಡಿಸಿದರೆ ಉರಿ ಮಿತಿಮೀರಿ ಏಳುತ್ತದೆ, ಮಸಿ, ಮಾನಾಕ್ಸೈಡ್ ಎಲ್ಲ ಒಟ್ಟಿಗೇ ಬರುತ್ತದೆ. ಹಾಗಿದ್ದರೆ ಡಬ್ಬ ಮುಚ್ಚಿ ವಾಪಸ್ ಇಡಿ. ಪ್ರೋಪೇನ್ ಅಂತಿದ್ದರೆ ಆ ತಗಡಿನ ಫೋಟೋ, ಶೆಡ್ಡಿನ ನಾಲ್ಕೂ ಗೋಡೆಯ ಫೋಟೋ ಹಾಕಿ, ಕಿಂಡಿ ಎಲ್ಲಿ ಒಡೀಬೇಕು ಅಂತ ಗುರುತು ಮಾಡಿ ಕೊಡ್ತೀನಿ.