ಒಂದು ಕ್ವಿಜ್ ಆ್ಯಪ್‌ಗೆ ನಾಲ್ಕು ಪುಟದ ಫಾರಂ ಬೇಕಾ?

ಪ್ರಶ್ನೆ: ಸರ್, ನಾನು ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುತ್ತೇನೆ. ಆನ್‌ಲೈನ್ ಕ್ವಿಜ್ ಆ್ಯಪ್ ಒಂದನ್ನು ಕ್ಲಾಸಿಗೆ ಬಳಸೋಣ ಅಂದುಕೊಂಡೆ. ಫ್ರೀ ಇದೆ, ಐದು ನಿಮಿಷದ ಕೆಲಸ. ನಮ್ಮ ಕಂಪ್ಯೂಟರ್ ಸೆಂಟರ್‌ನವರು ನಾಲ್ಕು ಪುಟದ ಫಾರಂ ಕೊಟ್ಟು, ಒಪ್ಪಿಗೆ ಸಿಗುವವರೆಗೆ ಮುಟ್ಟಬೇಡಿ ಅಂದರು. ಒಂದೂವರೆ ತಿಂಗಳಾಯಿತು. ಇದೆಲ್ಲ ಬೇಕಾ?
– ಸಹಾಯಕ ಪ್ರಾಧ್ಯಾಪಕಿ, ಮೈಸೂರು

ಉತ್ತರ: ಫಾರಂ ಬೇಕು ಮೇಡಂ, ಒಂದೂವರೆ ತಿಂಗಳು ಬೇಡ.

ನಿಮ್ಮ ಹತ್ತಿರ ಇರುವ ವಿದ್ಯಾರ್ಥಿಗಳ ಎಕ್ಸೆಲ್ ಶೀಟ್ ಒಮ್ಮೆ ತೆರೆದು ನೋಡಿ. ಹೆಸರು, ರಿಜಿಸ್ಟರ್ ನಂಬರ್ ಆದಮೇಲೆ ಮೊಬೈಲ್, ಹುಟ್ಟಿದ ದಿನ, ಕೆಟಗರಿ, ಕೆಲವು ಕಡೆ ಆಧಾರ್ ನಂಬರ್ ಕೂಡ ಇರುತ್ತದೆ, ಆಫೀಸಿನಿಂದ ಬಂದ ಆ ಶೀಟನ್ನೇ ನಾವು ಸುಮ್ನೆ ಹಾಗೇ ಅಪ್‌ಲೋಡ್ ಮಾಡಿಬಿಡುತ್ತೇವೆ. ಕ್ವಿಜ್‌ಗೆ ಬೇಕಾಗಿದ್ದು ಮೊದಲ ಎರಡು ಕಾಲಂ ಮಾತ್ರ, ಅಲ್ವಾ? ಅಷ್ಟೇ ಹಾಕುತ್ತೇನೆ ಅಂತ ಫಾರಂನಲ್ಲಿ ಬರೆದುಕೊಡಿ, ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಕಂಪ್ಯೂಟರ್ ಸೆಂಟರ್‌ನವರ ಭಯಕ್ಕೆ ಕಾರಣ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾಹಿತಿ ಸೋರಿದ್ದು ಆ್ಯಪ್ ಕಂಪನಿಯ ಕಡೆಯಿಂದಾದರೂ ಉತ್ತರ ಕೊಡಬೇಕಾದ್ದು ಅದನ್ನು ಕೆಲಸಕ್ಕೆ ಹಚ್ಚಿದ ಸಂಸ್ಥೆ, ಅಂದರೆ ನಿಮ್ಮ ವಿಶ್ವವಿದ್ಯಾಲಯ. ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದಿವೆ, ಹಂತ ಹಂತವಾಗಿ ಜಾರಿಗೆ ಬರುತ್ತವೆ. ಇನ್ನೊಂದು, ಈ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ. ಮೊದಲ ವರ್ಷದ ಡಿಗ್ರಿಯಲ್ಲಿ 17ರವರು ಎಷ್ಟು ಜನ ಇದ್ದಾರೆ, ಎಣಿಸಿ.

ಆ್ಯಪ್ ಕಂಪನಿಯವರು ಐಎಸ್ಒ 27001 (ಮಾಹಿತಿ ಸುರಕ್ಷತೆಯ ಅಂತಾರಾಷ್ಟ್ರೀಯ ಮಾನದಂಡ) ಸರ್ಟಿಫಿಕೇಟ್ ತೋರಿಸಿದರೆ, ಅದು ಯಾವುದಕ್ಕೆ ಕೊಟ್ಟಿದ್ದು ಅನ್ನುವ ಸಾಲು ಓದಿ. ಅವರ ಒಂದು ಆಫೀಸಿಗಷ್ಟೇ ಕೊಟ್ಟಿದ್ದು, ನೀವು ಬಳಸುವ ಆ್ಯಪ್ ಅದರಲ್ಲಿ ಇಲ್ಲದೇ ಇರಬಹುದು. ಎಸ್ಒಸಿ 2, ಅಂದರೆ ಕಂಪನಿಯ ಸುರಕ್ಷತಾ ವ್ಯವಸ್ಥೆಯನ್ನು ಹೊರಗಿನ ಆಡಿಟರ್ ಪರಿಶೀಲಿಸಿದ ವರದಿ ಕೊಟ್ಟರೆ ಟೈಪ್ 2 ಕೇಳಿ. ಟೈಪ್ 1 ಅಂದರೆ ಒಂದು ದಿನದ ಫೋಟೋ ಇದ್ದಂತೆ, ಟೈಪ್ 2ರಲ್ಲಿ ತಿಂಗಳುಗಟ್ಟಲೆ ಗಮನಿಸಿರುತ್ತಾರೆ.

ಫ್ರೀ ಅಂದಿರಲ್ಲ, ಗೂಗಲ್ ಕೂಡ ವಿಶ್ವವಿದ್ಯಾಲಯಗಳಿಗೆ ಫೈಲ್ ಇಡಲು ಮಿತಿಯಿಲ್ಲದ ಜಾಗ ಫ್ರೀಯಾಗಿ ಕೊಡುತ್ತಿತ್ತು. ಇಡೀ ಸಂಸ್ಥೆಗೆ ಸೇರಿ 100 ಟಿಬಿ ಮಾತ್ರ ಅಂತ 2021ರಲ್ಲಿ ಹೇಳಿತು. ಹಾಗಾಗಿ ಮುಂದೆ ಆ್ಯಪ್ ಬಿಟ್ಟು ಹೊರಬರುವಾಗ ನಿಮ್ಮ ಪ್ರಶ್ನೆ, ಅಂಕಗಳನ್ನೆಲ್ಲ ಡೌನ್‌ಲೋಡ್ ಮಾಡಲು ಆಗುತ್ತಾ, ಈಗಲೇ ಒಮ್ಮೆ ಮಾಡಿ ನೋಡಿ. ಅಕೌಂಟನ್ನು ಸ್ವಂತ ಜಿಮೇಲ್‌ನಲ್ಲಿ ತೆರೆಯಬೇಡಿ. ನಾನು ಕಂಡ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರೊಬ್ಬರು ಕೆಲಸ ಬಿಟ್ಟು ಹೋದರು, ಎರಡು ಸೆಮಿಸ್ಟರ್‌ನ ಇಂಟರ್ನಲ್ಸ್ ಅಂಕ ಅವರ ಜಿಮೇಲ್ ಜೊತೆ ಊರಿಗೆ ಹೋಯಿತು!

ಇನ್ನು ತಡದ ವಿಷಯ. ಪರೀಕ್ಷಾ ಫಲಿತಾಂಶದ ಸಾಫ್ಟ್‌ವೇರ್‌ಗೂ ಕ್ವಿಜ್ ಆ್ಯಪ್‌ಗೂ ಒಂದೇ ಜರಡಿ ಹಿಡಿದರೆ ಹೀಗೇ ಆಗುವುದು. ಎರಡು ಕಾಲಂ ಶೀಟ್ ತೋರಿಸಿ, ಒಂದು ವಾರದಲ್ಲಿ ಹೌದೋ ಅಲ್ಲವೋ ಹೇಳಿ ಅಂತ ಕೇಳಿ. ನಾಲ್ಕು ಪುಟದ ಫಾರಂನಲ್ಲಿ ಮೂರು ಪುಟ ನಿಮಗೆ ಅನ್ವಯಿಸುವುದೇ ಇಲ್ಲ.