ಎರೆ ನೆಲ ಅಲ್ಲೂ ಇದೆ, ಅಕ್ಕಾ

ನರಗುಂದದ ಕಡೆಯ ಓದುಗ ಅಕ್ಕನೊಬ್ಬರು ಬರೆದಿದ್ದಾರೆ: 'ನನ್ನ ಮಗ ಬೆಳಗಾವಿಯ ಮರಾಠಾ ಸೆಂಟರಿನಲ್ಲಿ ತರಬೇತಿ ಮುಗಿಸಿ ಸೈನ್ಯ ಸೇರಿ ಒಂಬತ್ತು ವರ್ಷವಾಯಿತು. ಈಗ ವಿಶ್ವಸಂಸ್ಥೆಯ ಡ್ಯೂಟಿ ಮೇಲೆ ಒಂದು ವರ್ಷ ದಕ್ಷಿಣ ಸುಡಾನಿಗೆ ಹೊರಟಿದ್ದಾನೆ. ಕೇಳಿದರೆ "ಶಾಂತಿ ಕೆಲಸ ಅವ್ವಾ, ಏನೂ ಆಗೂದಿಲ್ಲ" ಅಂತಾನೆ. ಶಾಂತಿ ಕೆಲಸಕ್ಕೆ ಬಂದೂಕು ಯಾಕೆ? ಅಲ್ಲಿ ಏನಿರುತ್ತದೆ, ಇಲ್ಲಿ ನಾವು ಹೇಗಿರಬೇಕು, ಯಾರೂ ಹೇಳುತ್ತಿಲ್ಲ.' ಪತ್ರದ ಕೆಳಗೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: 'ಶೇಂಗಾ ಚಟ್ನಿ ಕಟ್ಟಿಕೊಡಬಹುದಾ?'

ಅಕ್ಕಾ, ನಿಮ್ಮ ಮಗ ಸುಳ್ಳು ಹೇಳಿಲ್ಲ. ಪೂರ್ತಿ ಹೇಳಿಲ್ಲ ಅಷ್ಟೇ.

ದಕ್ಷಿಣ ಸುಡಾನ್ ಸ್ವತಂತ್ರ ದೇಶವಾಗಿದ್ದು 2011ರ ಜುಲೈ 9ರಂದು. ವಿಶ್ವಸಂಸ್ಥೆಯ ಪಡೆ ಅಲ್ಲಿ ಕೆಲಸ ಶುರು ಮಾಡಿದ್ದೂ ಆಗಲೇ. ಎರಡೂವರೆ ವರ್ಷ ಕಳೆಯುವಷ್ಟರಲ್ಲಿ, 2013ರ ಡಿಸೆಂಬರಿನಲ್ಲಿ, ಆಳುವವರ ನಡುವಿನ ಜಗಳ ಒಳಯುದ್ಧವಾಯಿತು. 2018ರಲ್ಲಿ ಒಪ್ಪಂದವಾದರೂ ಊರೂರಲ್ಲಿ ಬಂದೂಕು ಉಳಿದುಕೊಂಡಿವೆ. ಅಲ್ಲಿಯ ದೊಡ್ಡ ಬುಡಕಟ್ಟುಗಳಾದ ಡಿಂಕಾ, ನುಯೆರ್ ಜನರಿಗೆ ದನವೇ ಆಸ್ತಿ. ಮದುವೆಯಲ್ಲಿ ತೆರ ಕೊಡುವುದೂ ದನದಲ್ಲೇ. ಒಬ್ಬರ ದನ ಇನ್ನೊಬ್ಬರು ಹೊಡೆದುಕೊಂಡು ಹೋದರೆ ಸಾಕು, ಹೆಣ ಬೀಳುತ್ತವೆ.

ನಮ್ಮವರು ಅಲ್ಲಿ ಯಾರ ಪರವಾಗಿಯೂ ಯುದ್ಧ ಮಾಡಲು ಹೋಗುವುದಿಲ್ಲ. ಬಿಳಿ ಬಣ್ಣದ ಗಾಡಿ, ತಲೆಗೆ ನೀಲಿ ಹೆಲ್ಮೆಟ್. ಗಸ್ತು ತಿರುಗುವುದು, ಆಹಾರದ ಲಾರಿಗಳಿಗೆ ಕಾವಲು ಹೋಗುವುದು, ಮನೆ ಬಿಟ್ಟು ಬಂದವರ ಶಿಬಿರ ಕಾಯುವುದು, ಇದೇ ದಿನದ ಕೆಲಸ. ತಮ್ಮ ಪ್ರಾಣಕ್ಕೆ ಅಥವಾ ಸಾಮಾನ್ಯ ಜನರ ಪ್ರಾಣಕ್ಕೆ ಕುತ್ತು ಬಂದರೆ ಗುಂಡು ಹಾರಿಸಲು ಭದ್ರತಾ ಮಂಡಳಿಯೇ ಅಧಿಕಾರ ಕೊಟ್ಟಿದೆ. ಬಂದೂಕು ಅದಕ್ಕೆ.

ಅದು ಬೇಕಾಗಿಯೂ ಬಂದಿದೆ. 2013ರ ಏಪ್ರಿಲ್ 9ರಂದು ಜೊಂಗ್ಲೈ ರಾಜ್ಯದ ಗುಮುರುಕ್ ಹತ್ತಿರ ವಿಶ್ವಸಂಸ್ಥೆಯ ಗಾಡಿಗಳ ಸಾಲಿನ ಮೇಲೆ ಹೊಂಚು ಹಾಕಿ ದಾಳಿ ಮಾಡಿದರು. ನಮ್ಮ ಐವರು ಯೋಧರು ತೀರಿಹೋದರು. ಅದೇ ವರ್ಷ ಡಿಸೆಂಬರ್ 19ರಂದು ಅಕೋಬೊ ಎಂಬಲ್ಲಿನ ಸಣ್ಣ ಠಾಣೆಗೆ ಜೀವ ಉಳಿಸಿಕೊಳ್ಳಲು ಜನ ಓಡಿ ಬಂದಿದ್ದರು. ಅವರನ್ನು ಅಟ್ಟಿಸಿಕೊಂಡು ಬಂದ ದೊಡ್ಡ ಗುಂಪಿನ ದಾಳಿಯಲ್ಲಿ ನಮ್ಮ ಇನ್ನಿಬ್ಬರು ಯೋಧರು ತೀರಿಹೋದರು. ನಿಮ್ಮನ್ನು ಹೆದರಿಸಬೇಕು ಅಂತ ಇದನ್ನು ಬರೆಯುತ್ತಿಲ್ಲ. ನೇರವಾಗಿ ಕೇಳಿದ್ದೀರಿ, ಮುಚ್ಚಿಟ್ಟರೆ ನಿಮಗೆ ಉತ್ತರ ಕೊಟ್ಟ ಹಾಗಾಗುವುದಿಲ್ಲ.

ಆದರೆ ಬಹಳಷ್ಟು ದಿನ ಗುಂಡಿನ ಸದ್ದೇ ಇಲ್ಲದೆ ಕಳೆಯುತ್ತವೆ. ಬಿಸಿಲು, ಸೊಳ್ಳೆ, ಕಾಯುವಿಕೆ. ಮಲೇರಿಯಾ ಅಲ್ಲಿ ಜಾಸ್ತಿ. ಹಳದಿ ಜ್ವರದ ಚುಚ್ಚುಮದ್ದು ಹೋಗುವ ಮೊದಲೇ ಹಾಕಿಸಿರುತ್ತಾರೆ, ಮಲೇರಿಯಾ ಮಾತ್ರೆ ಮಾತ್ರ ಅಲ್ಲಿ ಅವನೇ ತಪ್ಪದೆ ನುಂಗಬೇಕು. ಫೋನಿನಲ್ಲಿ ಏನಾದರೂ ಒಂದನ್ನು ವಿಚಾರಿಸಬೇಕು ಅಂದರೆ 'ಮಾತ್ರೆ ತಗೊಂಡ್ಯಾ' ಅಂತ ವಿಚಾರಿಸಿ.

ಮಳೆಗಾಲದ್ದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಹೊಲದಲ್ಲಿರುವಂಥ ಎರೆ ಮಣ್ಣೇ ಅಲ್ಲಿ ಮೈಲಿಗಟ್ಟಲೆ ಹರಡಿದೆ. ಮಳೆ ಬಿದ್ದ ಮೇಲೆ ಎರೆ ಹೊಲಕ್ಕೆ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಅಲ್ವಾ? ಅಲ್ಲಿ ಉಳಿಯುವುದು ಲಾರಿ. ಮೇ ತಿಂಗಳಿಂದ ಅಕ್ಟೋಬರ್ ತನಕ ಎಷ್ಟೋ ಠಾಣೆಗಳಿಗೆ ಹೆಲಿಕಾಪ್ಟರ್ ಒಂದೇ ದಾರಿ. ಅಂಥ ಕಡೆ ಇದ್ದಾಗ ವಾರಗಟ್ಟಲೆ ಫೋನ್ ಬರದಿರಬಹುದು. ಫೋನ್ ಬರಲಿಲ್ಲ ಅಂದರೆ ಏನೋ ಆಗಿದೆ ಅಂತಲ್ಲ. ನಮ್ಮಲ್ಲಿ ರಾತ್ರಿ ಒಂಬತ್ತಾದಾಗ ಅಲ್ಲಿ ಸಂಜೆ ಐದೂವರೆ, ಇದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಎಲ್ಲಿದ್ದೀಯ, ನಾಳೆ ಎಲ್ಲಿಗೆ ಹೋಗ್ತೀಯ ಅಂತ ಕೇಳಬೇಡಿ. ಅವನು ಕಳಿಸಿದ ಫೋಟೊವನ್ನು ಸೊಸೆಯಾಗಲಿ ಮಕ್ಕಳಾಗಲಿ ಸ್ಟೇಟಸ್ಸಿಗೆ ಹಾಕುವುದು ಬೇಡ.

ಅಲ್ಲಿಯ ಜನರ ಊಟವೂ ಜೋಳವೇ. ಜೋಳದ ಹಿಟ್ಟು ಹುಳಿ ಬರಿಸಿ ತೆಳ್ಳಗೆ ಹೊಯ್ದು ಮಾಡುವ ಕಿಸ್ರಾ ನೋಡಿದಾಗ ನಿಮ್ಮ ಮಗನಿಗೆ ಮನೆ ನೆನಪಾಗದೆ ಇರದು. ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಮಲಕಾಲ್ ಎಂಬ ಊರಲ್ಲಿ ನಮ್ಮ ಸೈನ್ಯದ ಪಶುವೈದ್ಯರು ಅಲ್ಲಿಯವರ ದನಗಳಿಗೆ ಔಷಧಿ ಕೊಟ್ಟಿದ್ದಾರೆ. ದನವೇ ಜೀವ ಅನ್ನುವ ಜನ ಅದನ್ನು ಮರೆಯಲಾರರು.

ಈಗ ಯಾರೂ ಹೇಳದ ಒಂದು ಮಾತು. ನೀವು ಹೋಗುವ ದಿನಕ್ಕೆ ಹೆದರುತ್ತಿದ್ದೀರಿ. ವಾಪಸ್ ಬಂದ ಮೇಲಿನ ದಿನಗಳಿಗೂ ಮನಸ್ಸು ಸಿದ್ಧ ಮಾಡಿಕೊಳ್ಳಿ. ನಮ್ಮ ದೊಡ್ಡಪ್ಪನ ಮಗ ಇಂಥದೇ ಡ್ಯೂಟಿ ಮೇಲೆ ಕಾಂಗೋ ದೇಶದ ಗೋಮಾದಲ್ಲಿ ಒಂದು ವರ್ಷ ಇದ್ದು ಬಂದ. ಬಂದ ವಾರದಲ್ಲೇ ಒಂದು ಸಂಜೆ ದೊಡ್ಡಮ್ಮ ಅಂಗಳಕ್ಕೆ ಪೈಪಿನಿಂದ ನೀರು ಹಾಕುತ್ತಾ, ಹಾಗೇ ಬಿಟ್ಟು ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತರು. ಅಣ್ಣ ಎದ್ದು ಹೋಗಿ ನಲ್ಲಿ ನಿಲ್ಲಿಸಿದ. ಒಂದೂ ಮಾತಾಡದೆ ಹೊರಗೆ ಹೋದವನು ಕತ್ತಲಾದ ಮೇಲೆಯೇ ಬಂದದ್ದು. ಮನೆಯವರೆಲ್ಲ ಸಿಟ್ಟು ಅಂದುಕೊಂಡೆವು. ತಿಂಗಳ ಮೇಲೆ ಅವನೇ ಹೇಳಿದ: ಕ್ಯಾಂಪಿನ ಗೇಟಿನ ಹತ್ತಿರ ಬೆಳಕು ಹರಿಯುವ ಮೊದಲೇ ಮಕ್ಕಳು ಹಳದಿ ಕ್ಯಾನ್ ಹಿಡಿದು ನೀರಿಗೆ ಸಾಲು ನಿಲ್ಲುತ್ತಿದ್ದರಂತೆ. ಒಂದು ಹುಡುಗಿ ದಿನಾ ಇವನಿಗೆ ಕೈ ಬೀಸುತ್ತಿದ್ದಳು. ಒಂದು ದಿನದಿಂದ ಬರಲಿಲ್ಲ. ಅಷ್ಟೇ ಹೇಳಿದ. ನಾವು ಮುಂದೆ ಕೇಳಲಿಲ್ಲ.

ನಿಮ್ಮ ಮಗ ಬಂದಾಗ ನೆಂಟರು 'ಎಷ್ಟು ಜನರನ್ನು ಹೊಡೆದೆ' ಅಂತ ಕೇಳಿಯೇ ಕೇಳುತ್ತಾರೆ. ಅವರನ್ನು ನೀವೇ ತಡೆಯಿರಿ. ಅವನು ಹೇಳಿದಷ್ಟು ಕೇಳಿ, ಹೇಳದಿದ್ದರೆ ಸುಮ್ನೆ ಜೊತೆಗೆ ಕೂತಿರಿ. ನಿದ್ದೆ ಬಾರದೆ, ಊಟ ಸೇರದೆ ತಿಂಗಳುಗಳೇ ಕಳೆದರೆ ಸೈನ್ಯದ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರು ಇದ್ದಾರೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆ ಏನೂ ಇಲ್ಲ.

ಹೊರಡುವ ಮೊದಲು ಅವನ ಜೊತೆ ಕೂತು ಬ್ಯಾಂಕಿನ ಪಾಸ್‌ಬುಕ್, ವಿಮೆ, ನಾಮಿನಿ ಹೆಸರು ಎಲ್ಲ ಸರಿಯಿದೆಯೇ ನೋಡಿಕೊಳ್ಳಿ. ಘಟಕದ ಫೋನ್ ನಂಬರನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಟಿವಿ ನೋಡಿ ಗಾಬರಿಯಾದರೆ ಆ ನಂಬರಿಗೇ ಫೋನ್ ಮಾಡಿ.

ಚಟ್ನಿ ಖಂಡಿತ ಕಟ್ಟಿಕೊಡಿ. ಊಟ ನಮ್ಮ ಸೈನ್ಯದ ಅಡುಗೆಮನೆಯದೇ ಇರುತ್ತದೆ, ರೊಟ್ಟಿ ದಾಲ್ ಸಿಗುತ್ತದೆ, ನಿಮ್ಮ ಕೈರುಚಿ ಎಲ್ಲಿ ಸಿಗಬೇಕು? ಎಣ್ಣೆಯ ಉಪ್ಪಿನಕಾಯಿ ಬೇಡ, ಸಾಮಾನಿನಲ್ಲಿ ಸೋರುತ್ತದೆ. ಶೇಂಗಾ, ಅಗಸಿ, ಗುರೆಳ್ಳು ಪುಡಿ ಒಣಗಿದ್ದನ್ನೇ ಸಣ್ಣ ಸಣ್ಣ ಪೊಟ್ಟಣ ಮಾಡಿ. ಎಷ್ಟು ಒಯ್ಯಲು ಬಿಡುತ್ತಾರೆ ಅಂತ ಅವನನ್ನೇ ಕೇಳಿ. ಒಂದೆರಡು ಪೊಟ್ಟಣ ಜಾಸ್ತಿಯೇ ಇರಲಿ, ಪಕ್ಕದ ಮಂಚದವನಿಗೂ ಆಗುತ್ತದೆ.