ಸಹಿ ನಂದು, ಲಾಭ ಅವರದು

ಪ್ರಶ್ನೆ: ಮೇಡಂ, ನಾನು ಯಂತ್ರದ ಬಿಡಿಭಾಗ ಮಾಡೋ ಒಂದು ಕಂಪನಿಯಲ್ಲಿ ಆರು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್. ಮೊದಲೆಲ್ಲ ಒಂದು ಲಾಟ್ (ಒಟ್ಟಿಗೆ ತಯಾರಾದ ಮಾಲಿನ ಕಂತೆ) ರಿಜೆಕ್ಟ್ ಮಾಡಿದ್ರೆ ಯಾಕೆ ಏನು ಅಂತ ಕೇಳಿ ಸರಿ ಮಾಡ್ತಿದ್ರು. ಮ್ಯಾನೇಜ್‌ಮೆಂಟ್ ಬದಲಾದ ಮೇಲೆ ತಿಂಗಳ ಕೊನೆ ಬಂತು ಅಂದ್ರೆ ಡಿಸ್ಪ್ಯಾಚ್ ಒಂದೇ ಜಪ, ಅಳತೆ ಆಚೀಚೆ ಇದ್ರೂ 'ಹೋಗ್ಲಿ ಬಿಡಿ, ಕಂಪ್ಲೇಂಟ್ ಬಂದ್ರೆ ನೋಡ್ಕೊಳ್ಳೋಣ' ಅಂತಾರೆ. ಸಾಲದ ಕಂತು ಇದೆ. ಮನೆಯವರು 'ಎಲ್ಲಾ ಕಡೆ ಹೀಗೇ, ಸುಮ್ನಿರು' ಅಂತಾರೆ. ಬಿಡ್ಲಾ, ಇರ್ಲಾ?
– ಹೆಸರು ಬೇಡ

ಉತ್ತರ: ಮುಖ್ಯವಾದ್ದನ್ನೇ ನೀವು ಬರೆದಿಲ್ಲವಲ್ಲ! ಆ ಲಾಟ್ ಹೊರಗೆ ಹೋಗುವಾಗ ರಿಪೋರ್ಟಲ್ಲಿ ಏನಂತ ಇರುತ್ತೆ? ಅಳತೆ ಮೀರಿದೆ ಅಂತಾನಾ, ಎಲ್ಲಾ ಓಕೆ ಅಂತಾನಾ?

ಯಾಕೆ ಕೇಳ್ದೆ ಅಂದ್ರೆ, ಲಾಭಕ್ಕೋಸ್ಕರ ಕ್ವಾಲಿಟಿ ಇಳಿಸೋದೆಲ್ಲ ಒಂದೇ ಜಾತಿಯದಲ್ಲ. ಸಾಧಾರಣ ಮಾಲನ್ನ ಸಾಧಾರಣ ಅಂತಾನೇ ಹೇಳಿ ಮಾರೋದು ವ್ಯಾಪಾರ, ಗುಣಮಟ್ಟದ ಅಂತಾರಾಷ್ಟ್ರೀಯ ಮಾನದಂಡ ಐಎಸ್ಒ 9000 ಕೂಡ ದರ್ಜೆ ಬೇರೆ ಗುಣಮಟ್ಟ ಬೇರೆ ಅಂತ ಬಿಡಿಸಿ ಹೇಳುತ್ತೆ. ಅಳತೆ ಒಂಚೂರು ತಪ್ಪಿದ ಲಾಟನ್ನ ಗಿರಾಕಿಗೆ ತಿಳಿಸಿ, ಅವರು ನೋಡಿ ಡಿವಿಯೇಷನ್‌ಗೆ, ಅಂದ್ರೆ ಆ ವ್ಯತ್ಯಾಸಕ್ಕೆ, ಒಪ್ಪಿ ತಗೊಂಡ್ರೆ ಅದರಲ್ಲೂ ತಪ್ಪೇನಿಲ್ಲ, ನಿಮಗೆ ಬೇಜಾರಾಗಬಹುದು ಅಷ್ಟೇ. ಕೊಳ್ಳೋರಿಗೆ ಗೊತ್ತಿಲ್ಲದೆ ಓಕೆ ಅಂತ ಹೋಗ್ತಿದ್ರೆ ಮಾತ್ರ ಕಥೆ ಬೇರೆ. ಆಗ ಸುಳ್ಳು ಹೇಳ್ತಿರೋದು ಮ್ಯಾನೇಜರ್ ಅಲ್ಲ, ನಿಮ್ಮ ಸಹಿ.

ನಾನೂ ಬರವಣಿಗೆಗೆ ಬರೋ ಮುಂಚೆ ಇಂಥದ್ದೇ ಒಂದು ಕಡೆ ಕ್ಯೂಸಿಯಲ್ಲಿ, ಅಂದ್ರೆ ಕ್ವಾಲಿಟಿ ನೋಡೋ ವಿಭಾಗದಲ್ಲಿ ಇದ್ದೆ. ಒಂದಿನ ಹಳೇ ರಿಜಿಸ್ಟರ್ ತೆಗೆದು ನೋಡ್ತೀನಿ, ಇಡೀ ಶಿಫ್ಟಿನ ರೀಡಿಂಗು 12.01, 12.00, 12.01, 12.00, ಒಂದೇ ಪೆನ್ನು, ಒಂದೇ ಉಸಿರಲ್ಲಿ ಬರೆದಂಗೆ. ನಿಜವಾಗಿ ಅಳೆದಿದ್ರೆ ಹಾಗೆ ಬರೋದೇ ಇಲ್ಲ ಕಣ್ರೀ, ಟೂಲ್ ಸವೀತಾ ಹೋದಂಗೆ ರೀಡಿಂಗ್ ನಿಧಾನಕ್ಕೆ ಒಂದು ಕಡೆ ಜಾರುತ್ತೆ, ಟೂಲ್ ಬದಲಾಯಿಸಿದ ಕೂಡ್ಲೇ ವಾಪಸ್ ಬರುತ್ತೆ, ಆ ಏರಿಳಿತ ಇಲ್ಲ ಅಂದ್ರೆ ಗೇಜ್ ಮುಟ್ಟೇ ಇಲ್ಲ ಅಂತ ಅರ್ಥ. ಬರೆದಿದ್ದು ಯಾರೋ ಹುಡುಗ, ಟೈಮಿಲ್ಲದೆ ಬರೆದ ಪಾಪ. ಕೆಳಗಡೆ ಸಹಿ ನಂದು. ನಾನು ಬಿಡೋಕೆ ಅವತ್ತೇ ಮನಸ್ಸು ಮಾಡಿದ್ದು, ಬಿಟ್ಟಿದ್ದು ಮಾತ್ರ ಏಳು ತಿಂಗಳಾದ ಮೇಲೆ. ಆ ಏಳು ತಿಂಗಳು ನಾನೇನು ದೊಡ್ಡ ಧೈರ್ಯಶಾಲಿ ಆಗಿರಲಿಲ್ಲ ಬಿಡಿ.

ಹಾಗಂತ ಇದ್ದು ಹೋರಾಡಿದ್ರೆ ಎಲ್ಲಾ ಸರಿಹೋಗುತ್ತಾ ಅಂದ್ರೆ ಅದನ್ನೂ ನಾನು ಹೇಳಲ್ಲ. ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ರಾಕೆಟ್ ಮಾಡಿದ ಕಂಪನಿಯ ಇಂಜಿನಿಯರ್ ರೋಜರ್ ಬೋಯ್ಸ್‌ಜೊಲಿ, ರಾಕೆಟ್ಟಿನ ಜೋಡಣೆಯಲ್ಲಿರೋ ಓ-ರಿಂಗ್ (ಸಂದು ಮುಚ್ಚೋ ರಬ್ಬರ್ ಬಳೆ) ಕೈಕೊಟ್ರೆ ಜೀವಗಳು ಹೋಗ್ತವೆ ಅಂತ 1985ರ ಜುಲೈನಲ್ಲೇ ಮೇಲಿನವರಿಗೆ ಬರೆದುಕೊಟ್ಟಿದ್ದ. 1986ರ ಜನವರಿ 27ರ ರಾತ್ರಿ, ಇಷ್ಟು ಚಳಿಯಲ್ಲಿ ಹಾರಿಸೋದು ಬೇಡ ಅಂತ ಇಂಜಿನಿಯರ್‌ಗಳು ವಾದ ಮಾಡಿದ್ರು, ಮ್ಯಾನೇಜರ್‌ಗಳು ಅದನ್ನ ತಳ್ಳಿಹಾಕಿದ್ರು. ಮರುದಿನ ಮೇಲೆ ಹೋಗಿ 73 ಸೆಕೆಂಡಿಗೆ ನೌಕೆ ಒಡೆದುಹೋಯ್ತು, ಏಳು ಜನ ಸತ್ತರು. ಆತ ತನಿಖಾ ಆಯೋಗದ ಮುಂದೆ ನಿಜ ಹೇಳಿದ, ಕಂಪನಿಯಲ್ಲಿ ಒಂಟಿಯಾದ, ಕೊನೆಗೆ ಕೆಲಸ ಬಿಟ್ಟ. ಬರೆದಿಟ್ಟ ಕಾಗದ ಆ ಏಳು ಜನರ ಜೀವ ಉಳಿಸಲಿಲ್ಲ, ಆದ್ರೆ ಯಾರಿಗೆ ಏನು ಮೊದಲೇ ಗೊತ್ತಿತ್ತು ಅಂತ ಮುಚ್ಚಿಡೋಕೂ ಬಿಡಲಿಲ್ಲ.

ಅದಕ್ಕೇ ನೀವೂ ಒಂದ್ಸಲ ಬರವಣಿಗೆಯಲ್ಲಿ ಹೇಳಿ. ಬೈದು ಅಲ್ಲ, ಲೆಕ್ಕ ಕೊಟ್ಟು: ಕಳೆದ ಮೂರು ತಿಂಗಳಲ್ಲಿ ಎಷ್ಟು ಲಾಟ್ ವಾಪಸ್ ಬಂತು, ರೀವರ್ಕ್‌ಗೆ ಎಷ್ಟು ತಾಸು ಹೋಯ್ತು, ಓವರ್‌ಟೈಮ್ ಎಷ್ಟು. ಲಾಭ ನೋಡೋರಿಗೆ ಲಾಭದ ಭಾಷೆಯೇ ಬೇಗ ಅರ್ಥ ಆಗೋದು. ಯಾವಾಗ ಯಾರಿಗೆ ಏನು ಹೇಳಿದ್ರಿ ಅಂತ ನಿಮ್ಮ ಡೈರಿಯಲ್ಲಿ ತಾರೀಖು ಹಾಕಿ ಬರೆದಿಟ್ಕೊಳ್ಳಿ, ಆದ್ರೆ ಕಂಪನಿಯ ಡ್ರಾಯಿಂಗು ಫೈಲು ಮನೆಗೆ ತರೋಕೆ ಹೋಗ್ಬೇಡಿ, ಆಮೇಲೆ ತಪ್ಪಿತಸ್ಥರು ನೀವೇ ಆಗ್ತೀರಿ. ನೀವು ಅಳೀದೇ ಇರೋದಕ್ಕೆ ಸಹಿ ಮಾತ್ರ ಇವತ್ತಿಂದಲೇ ನಿಲ್ಲಿಸಿ. ಆ ಭಾಗ ಬ್ರೇಕಿಗೋ ಲಿಫ್ಟಿಗೋ ಹೋಗೋದಾದ್ರೆ ಕಂತು ಗಿಂತು ಅಂತ ಕಾಯೋ ಮಾತೇ ಇಲ್ಲ, ಲಾಟನ್ನೇ ತಡೆಹಿಡಿದು ನಿಮ್ಮ ಬಾಸಿನ ಮೇಲಿನವರಿಗೂ ಅವತ್ತೇ ಬರೆದು ತಿಳಿಸಿ. ಬೇರೆ ಏನೋ ಸಣ್ಣಪುಟ್ಟದ್ದಾದ್ರೆ ಮೂರು ತಿಂಗಳು ನೋಡಿ, ಆ ಕಡೆ ಕೆಲಸ ಹುಡುಕ್ತಾ ಇರಿ. ಸಿಟ್ಟಲ್ಲಿ ರಾಜೀನಾಮೆ ಬಿಸಾಕಿ ಬಂದ್ರೆ ಮುಂದಿನ ಕೆಲಸಾನ ಅವಸರದಲ್ಲಿ ಆರಿಸ್ತೀರಿ, ಅದೂ ಇದೇ ಥರದ್ದೇ ಸಿಗುತ್ತೆ.

'ಎಲ್ಲಾ ಕಡೆ ಹೀಗೇ' ಅನ್ನೋದು ಸುಳ್ಳು. ಟೊಯೋಟಾ ಕಾರ್ಖಾನೆಗಳಲ್ಲಿ ಲೈನಲ್ಲಿ ನಿಂತ ಕೆಲಸಗಾರನೇ ಹಗ್ಗ ಎಳೆದು ತೊಂದರೆ ಇದೆ ಅಂತ ಹೇಳೋ ಪದ್ಧತಿ ಬಂದಿದ್ದು ಧರ್ಮಕ್ಕಲ್ಲ, ಸಮಸ್ಯೆ ಬಗೆಹರೀಲಿಲ್ಲ ಅಂದ್ರೆ ಲೈನೇ ನಿಲ್ಲುತ್ತೆ, ಹಾಗಂತ ಅವರೇನು ನಷ್ಟದಲ್ಲಿ ಮುಳುಗಿ ಹೋಗಿಲ್ಲ. ಹೊಸ ಕಡೆ ಇಂಟರ್‌ವ್ಯೂಗೆ ಹೋದಾಗ ಹಳೇ ಕಂಪನಿಯನ್ನ ಬೈಬೇಡಿ, ಎರಡೇ ಪ್ರಶ್ನೆ ಕೇಳಿ: ಕ್ವಾಲಿಟಿಯವರು ರಿಪೋರ್ಟ್ ಮಾಡೋದು ಯಾರಿಗೆ, ಪ್ರೊಡಕ್ಷನ್ ಹೆಡ್‌ಗಾ? ಕೊನೇ ಸಲ ಡಿಸ್ಪ್ಯಾಚ್ ತಡೆಹಿಡಿದಿದ್ದು ಯಾವಾಗ? ಎರಡನೇದಕ್ಕೆ ನಮ್ಮಲ್ಲಿ ಅಂಥ ಸಂದರ್ಭವೇ ಬಂದಿಲ್ಲ ಅಂತ ನಕ್ಕರೆ, ನೀರು ಕುಡಿದು ಎದ್ದು ಬನ್ನಿ.

ಪ್ರಶ್ನೆ: ನಮ್ಮ ಸಾಫ್ಟ್‌ವೇರ್ ಟೀಮಲ್ಲಿ ಟೆಸ್ಟಿಂಗ್ ಅರ್ಧಕ್ಕೇ ಬಿಟ್ಟು ರಿಲೀಸ್ ಮಾಡಿ ಅಂತಾರೆ, ಅವಮಾನ ಆಗುತ್ತೆ. ನಾನೂ ಬಿಡ್ಬೇಕಾ?

ಉತ್ತರ: ಗೊತ್ತಿರೋ ಬಗ್‌ಗಳ ಪಟ್ಟಿ ಬಳಸೋರಿಗೆ ಕೊಡ್ತಾರಾ? ಕೊಡ್ತಾರೆ, ಮುಂದಿನ ಅಪ್‌ಡೇಟಲ್ಲಿ ಸರಿನೂ ಮಾಡ್ತಾರೆ ಅಂದ್ರೆ ಇದು ರುಚಿಯ ಜಗಳ, ಸ್ವಲ್ಪ ದಿನ ಇದ್ದು ನೋಡಿ. ಆ ಪಟ್ಟಿಯಿಂದ ಸಾಲು ಅಳಿಸು ಅಂತ ನಿಮಗೇ ಹೇಳಿದ್ದಾರೆ ಅಂದ್ರೆ ಮೇಲಿನ ಉತ್ತರಾನೇ ಇನ್ನೊಂದ್ಸಲ ಓದಿ.